ಕಣ್ಣಿ ಬಿಚ್ಚುವ ಹೊತ್ತು

2019ರ ನಾಗರ ಪಂಚಮಿ ಆಗಸ್ಟ್ 5ರ ಸೋಮವಾರ ಬಂದಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ಮಗಳು ತವರಿಗೆ ಬರುತ್ತಾಳೆ. ಬಗಲಲ್ಲೊಂದು ಕೂಸು, ಸೆರಗು ಹಿಡಿದು ಇನ್ನೊಂದು. ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿ ತುಂಬಿರುತ್ತವೆ. ಪಡಸಾಲೆಯ ತೊಲೆಗೆ ಜೋಕಾಲಿ ಬಿದ್ದಿರುತ್ತದೆ. ಆ ವಾರವೇ ಘಟಪ್ರಭೆ ದಂಡೆ ಮೀರಿ ಬಂದಳು.

ಆ ನೆರೆಯಲ್ಲಿ ಬಿದ್ದ ಮನೆ, ಹೋದ ಬೆಳೆ, ಸತ್ತ ದನ ಎಲ್ಲಕ್ಕೂ ಸರ್ಕಾರದ ಕಡತದಲ್ಲಿ ಲೆಕ್ಕವಿದೆ. ಹೊಳೆದಂಡೆಯ ಮನೆಗಳಲ್ಲಿ ಆ ರಾತ್ರಿಗಳಲ್ಲಿ ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಎಷ್ಟು ಮಕ್ಕಳು ಮಲಗಿದ್ದವೋ, ಅದನ್ನು ಯಾವ ಕಡತವೂ ಹೇಳಲಾರದು. ಮಗಳ ಮಕ್ಕಳು ಅಂದರೆ ಬೇರೆ ಮನೆತನದವರು ನಂಬಿ ಕಳಿಸಿದ ಕುಡಿಗಳು. ತನ್ನ ಮನೆಯ ಕೂಸು, ಮಗಳ ಮನೆಯ ಕೂಸು, ಹಾಸಿಗೆ ಹಿಡಿದ ತಾಯಿ, ದಾವಣಿಯಲ್ಲಿ ನಿಂತ ಎಮ್ಮೆ, ಇಷ್ಟನ್ನೂ ಒಬ್ಬ ಗಂಡು ಒಬ್ಬ ಹೆಣ್ಣು ಅರ್ಧ ರಾತ್ರಿಯಲ್ಲಿ ದಾಟಿಸಬೇಕು. ಯಾರು ಮೊದಲು? ಈ ಅಂಕಣ ಆ ಪ್ರಶ್ನೆಯ ಬಗ್ಗೆ.

ಮೊದಲು ಹೊಳೆಯ ಸ್ವಭಾವ ತಿಳಿಯಬೇಕು, ಯಾಕೆಂದರೆ ತಂದೆತಾಯಿಯ ನಿರ್ಧಾರ ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಗೋಕಾಕದ ನೆರೆ ಗೋಕಾಕದ ಮಳೆಯಿಂದ ಬರುವುದಿಲ್ಲ. ಇದು ಮಳೆ ಕಡಿಮೆ ಬೀಳುವ ಬಯಲುಸೀಮೆ. ಘಟಪ್ರಭೆ ಹುಟ್ಟುವುದು ಪಡುವಣದ ಸಹ್ಯಾದ್ರಿಯಲ್ಲಿ. ಅದನ್ನು ಮುಂದೆ ಕೂಡುವ ಹಿರಣ್ಯಕೇಶಿ ಹುಟ್ಟುವ ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಘಟಪ್ರಭೆಯ ನೀರು ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ, 51 ಟಿಎಂಸಿ ಹಿಡಿಯುವ ರಾಜಾ ಲಖಮಗೌಡ ಜಲಾಶಯದಲ್ಲಿ ನಿಲ್ಲುತ್ತದೆ. ಅಣೆಕಟ್ಟು ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು. ಅದರ ಕೆಳಗೆ, ಸಂಕೇಶ್ವರದ ಪಕ್ಕ ಹಾದು ಬಂದ ಹಿರಣ್ಯಕೇಶಿ ಕೂಡುತ್ತದೆ. ಗೋಕಾಕದ ಹತ್ತಿರ ಮಾರ್ಕಂಡೇಯ ಬಂದು ಸೇರುತ್ತದೆ. ಮೂರೂ ಒಂದೇ ದಿನ ತುಂಬಿ ಬಂದರೆ ಲೋಳಸೂರ ಸೇತುವೆ ಮುಳುಗುತ್ತದೆ, ಪಟ್ಟಣದ ಹಳೆ ದನದ ಪೇಟೆ, ಮಟನ್ ಮಾರ್ಕೆಟ್, ಕುಂಬಾರ ಗಲ್ಲಿಗಳಿಗೆ ನೀರು ನುಗ್ಗುತ್ತದೆ. ಮುಂದೆ ಮೂಡಲಗಿ ತಾಲ್ಲೂಕಿನ ಮಸಗುಪ್ಪಿ, ಸುಣಧೋಳಿ, ಢವಳೇಶ್ವರ, ಅವರಾದಿ ಊರುಗಳ ಸರದಿ. 2019ರಲ್ಲಿ ಹೀಗಾಯಿತು, 2021ರ ಜುಲೈನಲ್ಲಿ ಮತ್ತೆ ಆಯಿತು, 2024ರ ಜುಲೈ ಕೊನೆಗೆ ಮತ್ತೊಮ್ಮೆ.

ಅಂದರೆ ತಲೆಯ ಮೇಲೆ ಬಿಸಿಲು ಇರುವಾಗಲೇ ಹೊಳೆ ಏರಬಹುದು. ಆಕಾಶ ನೋಡಿ ‘ಮಳಿ ನಿಂತೈತಿ, ಇನ್ನೇನು ಇಳೀತೈತಿ’ ಎಂದು ಕೂತ ಅಪ್ಪನ ಅಂದಾಜು ಅಲ್ಲಿ ಕೆಲಸ ಮಾಡುವುದಿಲ್ಲ. ಅವನು ದಡ್ಡನಲ್ಲ. ಹೊಲದ ಬದುಕು ಅವನಿಗೆ ಆಕಾಶ ಓದುವುದನ್ನು ಕಲಿಸಿದೆ. ಈ ಹೊಳೆಯನ್ನು ಮಾತ್ರ ಅಣೆಕಟ್ಟಿನ ಗೇಟಿನಿಂದ ಓದಬೇಕು.

ಈಗ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹೊಳೆಗೆ ಮುನ್ನೂರು ಮಾರು ದೂರ. ಮಣ್ಣಿನ ಗೋಡೆ, ಮೇಲ್ಮುದ್ದೆ, ಪಕ್ಕದಲ್ಲಿ ದನ ಕಟ್ಟುವ ತಗಡಿನ ಗೊಂದಿ. ಎರಡು ಎಮ್ಮೆ, ಒಂದು ಆಕಳು, ತಿಂಗಳೊಪ್ಪತ್ತಿನ ಕರು. ಸಂಜೆ ಪಂಚಾಯ್ತಿಯ ಗಾಡಿ ಮೈಕಿನಲ್ಲಿ ಸಾರುತ್ತ ಬರುತ್ತದೆ: ನದಿಗೆ ಇಷ್ಟು ಕ್ಯೂಸೆಕ್ ಬಿಡಲಾಗಿದೆ, ದಂಡೆಯವರು ಸುರಕ್ಷಿತ ಸ್ಥಳಕ್ಕೆ ಹೋಗಬೇಕು. ಮನೆಯವ ಹೇಳುತ್ತಾನೆ, ‘ನೀವು ಹುಡುಗರನ್ನ ಕರಕೊಂಡು ಸಾಲೀಗೆ ಹೋಗ್ರಿ. ನಾ ದನಾ ನೋಡ್ಕೋಂತ ಇರ್ತೀನಿ.’ ಹೊಳೆದಂಡೆಯಲ್ಲಿ ಸಂಸಾರ ಎರಡಾಗುವುದು ಹೆಚ್ಚಾಗಿ ಈ ಒಂದು ಮಾತಿನಲ್ಲಿ. ಹೆಂಡತಿ ಮಕ್ಕಳೊಂದಿಗೆ ಶಾಲೆಯ ಕಾಳಜಿ ಕೇಂದ್ರಕ್ಕೆ, ಗಂಡ ಗೊಂದಿಯಲ್ಲಿ.

ಹೊರಗಿನವರಿಗೆ ಇದು ಹಟ ಅನಿಸುತ್ತದೆ. ನೆರೆ ಇಳಿದ ಮೇಲೆ ‘ಎಷ್ಟು ಹೇಳಿದರೂ ಬರಲಿಲ್ಲ ನೋಡ್ರಿ’ ಎನ್ನುತ್ತಾರೆ. ಆದರೆ ಅವನ ಲೆಕ್ಕವನ್ನು ಒಮ್ಮೆ ಅವನ ಜಾಗದಲ್ಲಿ ನಿಂತು ಹಾಕಿ ನೋಡಬೇಕು. ಆ ಎರಡು ಎಮ್ಮೆಯ ಹಾಲಿನ ಮೇಲೆ ಸಂಘದ ಸಾಲದ ವಾರದ ಕಂತು ನಿಂತಿದೆ, ದೊಡ್ಡ ಮಗಳ ಕಾಲೇಜಿನ ಬಸ್ ಪಾಸ್ ನಿಂತಿದೆ. ವಿಪತ್ತು ಪರಿಹಾರ ನಿಧಿಯ 2022ರ ದರದಂತೆ ಹಾಲು ಕೊಡುವ ಎಮ್ಮೆಯೋ ಆಕಳೋ ಸತ್ತರೆ ಸಿಗುವುದು 37,500 ರೂಪಾಯಿ. ಸಂತೆಯಲ್ಲಿ ಒಳ್ಳೆಯ ಎಮ್ಮೆಗೆ ಅದರ ಎರಡು ಪಟ್ಟು ಕೊಟ್ಟರೂ ಸಾಲದು. ದನ ಹೋದರೆ ಮಗಳ ಓದು ನಿಲ್ಲುತ್ತದೆ ಎನ್ನುವುದು ಅವನಿಗೆ ಗೊತ್ತು. ಅವನ ಮಟ್ಟಿಗೆ ಅವನು ದನವನ್ನು ಕಾಯುತ್ತಿಲ್ಲ, ಮಕ್ಕಳನ್ನೇ ಕಾಯುತ್ತಿದ್ದಾನೆ. ಇಂದಿನ ಮಗುವನ್ನು ಹೆಂಡತಿಯ ಕೈಗೆ ಕೊಟ್ಟು, ಮುಂದಿನ ವರ್ಷದ ಮಗುವನ್ನು ತಾನು ಕಾಯುತ್ತ ನಿಂತಿದ್ದಾನೆ.

ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ಕೂಸಿನಂತೆ ಸಾಕಿದ ಜೀವ ಅದು. ದನವನ್ನು ಗೂಟಕ್ಕೆ ಕಟ್ಟಿದವನು ತಾನೇ ಅಲ್ಲವೇ? ಕಟ್ಟಿದ ಜೀವವನ್ನು ನೀರಿಗೆ ಬಿಟ್ಟು ಓಡುವುದು ಪಾಪ ಎಂದು ಈ ಸೀಮೆಯ ಯಾವ ರೈತನಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ನಾನು ಅವನು ಉಳಿಯುವುದು ಸರಿ ಎನ್ನಲಾರೆ. ನೀರಿನ ಬಲವೇ ಕಾರಣ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. ರಭಸದಿಂದ ಹರಿಯುವ ನೀರು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ಇದ್ದರೂ ನಿಂತ ಆಳನ್ನು ಕೆಡವಬಲ್ಲದು. ಎರಡಡಿ ಇದ್ದರೆ ಹೆಚ್ಚಿನ ವಾಹನಗಳನ್ನೇ ತೇಲಿಸಿ ಒಯ್ಯುತ್ತದೆ. ಹೊಳೆಯಲ್ಲಿ ಈಜು ಕಲಿತವನಿಗೆ ಈ ಮಾತು ನಂಬಿಕೆಗೆ ಬರುವುದು ಕಷ್ಟ. ತನ್ನ ಹೊಳೆ ತನಗೆ ಗೊತ್ತು ಎಂದುಕೊಂಡಿರುತ್ತಾನೆ. ನೆರೆಯ ಹೊಳೆ ಬೇರೆ. ಅದರೊಳಗೆ ತಂತಿಬೇಲಿ, ಬುಡ ಕಿತ್ತ ಜಾಲಿ, ಪಂಪ್‌ಸೆಟ್ಟಿನ ಕೇಬಲ್ಲು, ಕಬ್ಬಿನ ಗದ್ದೆಯ ಕೆಸರು ಎಲ್ಲ ಇರುತ್ತವೆ.

ಅವನು ಗೊಂದಿಯಲ್ಲಿ ಉಳಿದರೆ ಅಲ್ಲಿಗೆ ಮುಗಿಯುವುದೂ ಇಲ್ಲ. ನೀರು ಸುತ್ತುವರಿದಾಗ ಅವನನ್ನು ತರಲು ಯಾರಾದರೂ ಹೋಗಲೇಬೇಕು. ಅದೇ 2019ರ ಆಗಸ್ಟ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಕಬಲಾಪುರದ ಹತ್ತಿರ ಬಳ್ಳಾರಿ ನಾಲೆ ಉಕ್ಕಿ, ಗಂಡಹೆಂಡತಿ ಎರಡು ದಿನ ಮನೆಯ ಮಾಡಿನ ಮೇಲೆ ಕೂತಿದ್ದರು. ಅವರನ್ನು ಜೀವಂತ ತಂದ ರಕ್ಷಣಾ ಸಿಬ್ಬಂದಿಯ ಮನೆಗಳಲ್ಲೂ ತಂದೆತಾಯಿ, ಹೆಂಡತಿ, ಮಕ್ಕಳು ದಾರಿ ನೋಡುತ್ತಿದ್ದರು. ಒಬ್ಬ ಉಳಿಯುವೆನೆಂದು ತೀರ್ಮಾನಿಸಿದರೆ ಇನ್ನೊಂದು ಮನೆಯ ಅಪ್ಪನ ಜೀವವನ್ನೂ ಪಣಕ್ಕೆ ಹಚ್ಚಿದಂತೆ.

ಹಾಗಾದರೆ ತಪ್ಪು ಯಾರದು? ನನ್ನ ಉತ್ತರ ನೇರವಾಗಿದೆ: ಅವನು ಹೊರಡಬೇಕು, ಆದರೆ ದನದೊಂದಿಗೆ ಹೊರಡುವಂತೆ ಊರು ಮಾಡಬೇಕು. 1970ರ ನವೆಂಬರ್‌ನ ಚಂಡಮಾರುತದಲ್ಲಿ ಈಗಿನ ಬಾಂಗ್ಲಾದೇಶದ ಕರಾವಳಿಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆಮೇಲೆ ಅಲ್ಲಿ ‘ಮುಜಿಬ್ ಕಿಲ್ಲಾ’ ಎಂಬ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದರು. ನೀರು ಬಂದರೆ ದನಗಳನ್ನು ಹತ್ತಿಸಲು ಒಂದು ಗುಡ್ಡೆ, ಅಷ್ಟೆ. ದನಕ್ಕೆ ಜಾಗ ಸಿಕ್ಕರೆ ದನದ ಹಿಂದೆ ಮನುಷ್ಯನೂ ಬರುತ್ತಾನೆ ಎಂಬ ಸರಳ ತಿಳಿವಳಿಕೆ ಅದರಲ್ಲಿದೆ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ಹೊತ್ತಿಗೆ ಸಾಕಿದ ನಾಯಿ ಬೆಕ್ಕುಗಳನ್ನು ಬಿಟ್ಟು ಬರಲು ಎಷ್ಟೋ ಜನ ಒಪ್ಪದೆ ಮುಳುಗುವ ಮನೆಗಳಲ್ಲೇ ಉಳಿದರು. ಮರುವರ್ಷವೇ ಅಲ್ಲಿ ಕಾನೂನು ಬಂತು, ಜನರನ್ನು ತೆರವು ಮಾಡಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಜಾಗ ಇರಬೇಕೆಂದು. ನಮ್ಮಲ್ಲಿ ಎಮ್ಮೆ ಎಂದರೆ ಮಮತೆಯೂ ಹೌದು, ಅನ್ನವೂ ಹೌದು. ನಮ್ಮ ಕಾಳಜಿ ಕೇಂದ್ರದ ಪಕ್ಕದಲ್ಲೇ ಮೇವು, ನೀರು, ಗೂಟ ಮೊದಲೇ ಸಿದ್ಧವಿದ್ದರೆ ಆ ಅಪ್ಪ ಎರಡು ಕರ್ತವ್ಯಗಳ ನಡುವೆ ಸೀಳಿಹೋಗುವುದು ತಪ್ಪುತ್ತದೆ. ಆಯ್ಕೆ ಅವನ ಎದೆಯಲ್ಲಿ ನಡೆಯುತ್ತದೆ ನಿಜ, ಅದನ್ನು ಅಷ್ಟು ಇಕ್ಕಟ್ಟಿಗೆ ತಂದವರಲ್ಲಿ ನಾವೂ ಇದ್ದೇವೆ.

ಇನ್ನು ಮುದುಕಿ.

‘ಯವ್ವಾ, ಏಳು, ಹೊಳಿ ಬಂದೈತಿ.’

‘ನಾ ಎಲ್ಲಿಗೂ ಬರಾಂಗಿಲ್ಲ. ಸತ್ರ ಇದ ಮನ್ಯಾಗ ಸಾಯ್ತೀನಿ. ನೀ ಮಕ್ಕಳನ್ನ ಕರಕೊಂಡು ಹೋಗೋ ತಮ್ಮಾ.’

ಈ ಮಾತಿನಲ್ಲಿ ಹಟಕ್ಕಿಂತ ಪ್ರೀತಿ ಹೆಚ್ಚು. ತನ್ನನ್ನು ಹೊರುವ ಹೊತ್ತಿಗೆ ಮೊಮ್ಮಕ್ಕಳಿಗೆ ತಡವಾದೀತು ಎಂದು ಅವಳಿಗೆ ಗೊತ್ತು. ಶಾಲೆಯ ಕೋಣೆಯಲ್ಲಿ ಮೂವತ್ತು ಮಂದಿಯ ನಡುವೆ ರಾತ್ರಿ ಎದ್ದು ಹೊರಗೆ ಹೋಗಬೇಕಾದ ನಾಚಿಕೆಯೂ ಗೊತ್ತು. ಮುದುಕರ ಇಚ್ಛೆಗೆ ಬೆಲೆ ಕೊಡಬೇಕು ಎಂದು ಬೇರೆಲ್ಲ ಕಡೆ ವಾದಿಸುವ ನಾನು, ಇಲ್ಲಿ ಮಾತ್ರ ಮಗ ಅವ್ವನ ಮಾತು ಕೇಳಬಾರದು ಎನ್ನುತ್ತೇನೆ. ಅವಳನ್ನು ಎತ್ತಿಕೊಂಡು ಹೋಗಬೇಕು, ಬೈಸಿಕೊಂಡರೂ ಸರಿ. ಅವಳು ಒಬ್ಬಳೇ ಉಳಿದರೆ ಆ ಮಗ ಶಾಲೆ ಮುಟ್ಟಿದ ಅರ್ಧ ತಾಸಿಗೆ ತಿರುಗಿ ನೀರಿಗೆ ಇಳಿಯುತ್ತಾನೆ. ಅವ್ವನ ನಿರ್ಧಾರ ಅವ್ವನ ಒಬ್ಬಳದಾಗಿ ಉಳಿಯುವುದಿಲ್ಲ. ಅದಕ್ಕೇ ಮುದುಕರನ್ನು ಮೊದಲ ಸುದ್ದಿಗೇ, ಅಂಗಳ ಒಣಗಿರುವಾಗಲೇ, ಎತ್ತರದ ಊರಿನ ಬೀಗರ ಮನೆಗೋ ಮಗಳ ಮನೆಗೋ ಕಳಿಸುವುದು ಲೇಸು. ‘ಎರಡು ದಿನ ಇದ್ದು ಬಾ’ ಎಂದರೆ ಒಪ್ಪುವ ಅವ್ವ, ನೀರು ಹೊಸ್ತಿಲಿಗೆ ಬಂದ ಮೇಲೆ ಒಪ್ಪುವುದಿಲ್ಲ.

ಕಾಳಜಿ ಕೇಂದ್ರದ ಮಾತು ಬಂತು. ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದೆವು, ಈಗ ಹೆಸರು ಚೆನ್ನಾಗಿದೆ. ಹರೆಯದ ಮಗಳಿರುವ ತಾಯಿ ಆ ಕೋಣೆಯ ಬಾಗಿಲಲ್ಲಿ ನಿಂತು ಮೊದಲು ನೋಡುವುದು ಚಿಲಕವನ್ನು. ಆಮೇಲೆ ಶೌಚಾಲಯ ಎಷ್ಟು ದೂರ, ದಾರಿಯಲ್ಲಿ ದೀಪ ಇದೆಯೇ ಎಂಬುದನ್ನು. ಅನ್ನ ಸಾರು ಎಲ್ಲಕ್ಕಿಂತ ಕೊನೆಗೆ. ಚಿಲಕವಿಲ್ಲದಿದ್ದರೆ ಅವಳು ರಾತ್ರಿಯೆಲ್ಲ ಕೂತೇ ಇರುತ್ತಾಳೆ, ಇಲ್ಲವೆ ಮರಳಿ ಬಿರುಕು ಬಿಟ್ಟ ಮನೆಗೇ ಹೊರಡುತ್ತಾಳೆ. ನೀರಿನ ಭಯ ಒಂದು ಕಡೆ, ಮನುಷ್ಯರ ಭಯ ಇನ್ನೊಂದು ಕಡೆ, ಅತ್ತ ದರಿ ಇತ್ತ ಪುಲಿ. ಈ ತಾಯಿಗೆ ‘ಧೈರ್ಯದಿಂದಿರಿ’ ಎಂಬ ಉಪದೇಶ ಬೇಡ. ಒಂದು ಚಿಲಕ, ಒಂದು ಬಲ್ಬು, ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ರಾತ್ರಿ ಪಾಳಿಗೆ ಒಬ್ಬ ಮಹಿಳಾ ಪೊಲೀಸ್ ಅಥವಾ ಅಂಗನವಾಡಿ ಕಾರ್ಯಕರ್ತೆ, ಇಷ್ಟು ಸಾಕು. ಇಷ್ಟಿದೆ ಎಂಬ ಸುದ್ದಿ ಜೂನ್ ತಿಂಗಳಲ್ಲೇ ಓಣಿಗೆ ತಲುಪಿರಬೇಕು.

ಮಕ್ಕಳಿಗೆ ಏನು ಹೇಳಬೇಕು ಎನ್ನುವುದೂ ಒಂದು ಕಠಿಣ ಪ್ರಶ್ನೆಯೇ. ‘ಅಪ್ಪಾ ಯಾಕ ಬರ್ಲಿಲ್ಲ?’ ಎಂದು ಕೇಳಿದರೆ ‘ಬರ್ತಾನ, ಮಲಗು’ ಎನ್ನುತ್ತೇವೆ. ಕೈಕೂಸಿಗೆ ಆ ಸಮಾಧಾನ ಬೇಕು. ಎಂಟು ಹತ್ತು ವರ್ಷದ ಮಗುವಿಗೆ ಅದು ಸಾಲದು, ಅದು ನಮ್ಮ ಮುಖ ಓದುತ್ತದೆ. ಜಪಾನಿನ ಸಾನ್ರಿಕು ಕರಾವಳಿಯಲ್ಲಿ ‘ತೆಂದೆಂಕೊ’ ಎಂಬ ಹಳೆಯ ಮಾತೊಂದಿದೆ. ತ್ಸುನಾಮಿ ಬಂದರೆ ಪ್ರತಿಯೊಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಎತ್ತರಕ್ಕೆ ಓಡಬೇಕು, ಯಾರೂ ಯಾರಿಗೂ ಕಾಯಬಾರದು ಎಂದು. ಮೊದಲ ಸಲ ಕೇಳಿದಾಗ ನನಗೆ ಅದು ಕಲ್ಲೆದೆಯ ಮಾತು ಅನಿಸಿತ್ತು. ಹೆತ್ತವರು ಮಕ್ಕಳನ್ನು ಬಿಟ್ಟು ಓಡುವುದೆಂದರೇನು? ಆದರೆ 2011ರ ಮಾರ್ಚ್ 11ರ ತ್ಸುನಾಮಿಯಲ್ಲಿ ಅಲ್ಲಿನ ಕಾಮಾಯಿಶಿ ಊರಿನಲ್ಲಿ ಸುಮಾರು 3,000 ಶಾಲಾ ಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದದ್ದು ಅದನ್ನು ಕಲಿತಿದ್ದರಿಂದ. ದೊಡ್ಡ ಮಕ್ಕಳು ಪಕ್ಕದ ಶಾಲೆಯ ಚಿಕ್ಕವರ ಕೈ ಹಿಡಿದು ಗುಡ್ಡ ಹತ್ತಿದರು. ಆ ಮಾತಿನ ಒಳಗಿರುವುದು ನಂಬಿಕೆ. ನನ್ನ ಮಗು ನನಗಾಗಿ ಕಾಯದೆ ಓಡಿರುತ್ತದೆ ಎಂದು ತಾಯಿಗೆ ಗೊತ್ತಿದ್ದರೆ ಅವಳು ಮಗುವನ್ನು ಹುಡುಕಿಕೊಂಡು ನೀರಿನ ಕಡೆ ಹೋಗುವುದಿಲ್ಲ. ಅವ್ವ ಎತ್ತರದಲ್ಲಿ ಸಿಗುತ್ತಾಳೆ ಎಂದು ಮಗುವಿಗೆ ಗೊತ್ತಿದ್ದರೆ ಅದು ಮನೆಗೆ ತಿರುಗುವುದಿಲ್ಲ.

ನಮ್ಮ ಹೊಳೆ ಸಮುದ್ರದಷ್ಟು ಅವಸರ ಮಾಡುವುದಿಲ್ಲ, ತಾಸುಗಳ ಅವಕಾಶ ಕೊಡುತ್ತದೆ. ಆದರೂ ಈ ಪಾಠ ನಮಗೂ ಬೇಕು. ಶಾಲೆಯಲ್ಲಿರುವಾಗ ಹೊಳೆ ಬಂದರೆ ಎಲ್ಲಿ ಸೇರುವುದು? ಗುಡಿಯ ಕಟ್ಟೆಯೋ, ಊರ ಮೇಲಿನ ಗಟಾರು ದಾಟಿದ ಮಡ್ಡಿಯೋ? ಅವ್ವ ಅಪ್ಪ ಇಬ್ಬರ ಫೋನೂ ಹತ್ತದಿದ್ದರೆ ಯಾವ ಕಾಕಾನ ಜೊತೆ ಹೋಗುವುದು? ಇವನ್ನು ಮಕ್ಕಳೊಂದಿಗೆ ರೊಟ್ಟಿ ತಿನ್ನುತ್ತ ಮಾತಾಡಿಕೊಳ್ಳಬಹುದು. ಹೆದರಿಸಿದ ಹಾಗಾಗುತ್ತದೆ ಎಂದು ನಾವು ಬಾಯಿ ಮುಚ್ಚುತ್ತೇವೆ. ತಾನು ಏನು ಮಾಡಬೇಕೆಂದು ಗೊತ್ತಿರುವ ಮಗು ಕಡಿಮೆ ಹೆದರುತ್ತದೆ.

ಪಂಚಮಿಗೆ ಬಂದ ಮಗಳ ಮಕ್ಕಳ ವಿಷಯ ಮೇಲೆ ಹೇಳಿದೆ. ಮನೆಯವನು ಯಾರನ್ನು ಮೊದಲು ಟ್ರ್ಯಾಕ್ಟರಿಗೆ ಹತ್ತಿಸುತ್ತಾನೆ, ತನ್ನ ಮಗನನ್ನೋ ಮಗಳ ಮಗನನ್ನೋ? ಹೆಚ್ಚಿನ ಮನೆಗಳಲ್ಲಿ ಮಗಳ ಮಕ್ಕಳೇ ಮೊದಲು ಹತ್ತುತ್ತಾರೆ ಎಂದು ನನಗೆ ಅನಿಸುತ್ತದೆ. ‘ನಂಬಿ ಕಳಿಸ್ಯಾರ’ ಎಂಬ ಮಾತಿಗೆ ನಮ್ಮಲ್ಲಿ ಅಷ್ಟು ತೂಕವಿದೆ. ಬಂದ ಮಕ್ಕಳನ್ನು ಕಾಯುವುದು ಹೆತ್ತವರ ಕೆಲಸಕ್ಕಿಂತ ಒಂದು ಕೈ ಹೆಚ್ಚು. ಆದರೆ ಅದೇ ಟ್ರ್ಯಾಕ್ಟರಿನ ಎದುರು ಆಳುಮಗಳ ಕೂಸು ನಿಂತಿದ್ದರೆ? ಓಣಿಗೆ ಒಂದೇ ಟ್ರ್ಯಾಕ್ಟರ್ ಇದ್ದಾಗ ಅದರ ಯಜಮಾನ ಟ್ರಾಲಿಯಲ್ಲಿ ಮೊದಲು ತನ್ನ ಗೋಧಿ ಚೀಲ, ಟಿವಿ, ತಿಜೋರಿ ಹೇರುತ್ತಾನೋ, ಪಕ್ಕದ ಮನೆಯ ಬಾಣಂತಿಯನ್ನೋ? ಅವನೂ ತಂದೆಯೇ. ಗೋಧಿ ಅವನ ಮಕ್ಕಳ ಅನ್ನವೇ. ಇಲ್ಲಿ ಮಾತ್ರ ನನಗೆ ಯಾವ ಗೊಂದಲವೂ ಇಲ್ಲ. ತನ್ನ ಮನೆಯನ್ನು ಕಾಯುವ ಹಕ್ಕು ಇನ್ನೊಬ್ಬರ ಮಗುವಿನ ಜೀವದ ಹತ್ತಿರ ಬಂದು ನಿಲ್ಲಬೇಕು. ಸಾಮಾನಿಗೆ ಎರಡನೆಯ ಸುತ್ತು ಹೊಡೆಯಬಹುದು, ಜೀವಕ್ಕೆ ಎರಡನೆಯ ಸುತ್ತಿನ ಭರವಸೆ ಇಲ್ಲ.

ನೀರು ಇಳಿದ ಮೇಲೆ ಎಲ್ಲರ ಗಮನ ತಪ್ಪುತ್ತದೆ. ಆಗಲೇ ಇನ್ನೊಂದು ಆಯ್ಕೆ ಎದುರಾಗುತ್ತದೆ. 2019ರಲ್ಲಿ ತುರ್ತು ಪರಿಹಾರವೆಂದು ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಸರ್ಕಾರ ಘೋಷಿಸಿತು. ಎಷ್ಟು ಬಿದ್ದಿದೆ ಎಂದು ನೋಡಿ ವರ್ಗ ಮಾಡುವವರು ಬರುವ ತನಕ ಮನೆಯವರು ಅಲ್ಲೇ ಇರಬೇಕು ಅನಿಸುತ್ತದೆ. ಬಿಟ್ಟು ಹೋದರೆ ಪಟ್ಟಿಯಲ್ಲಿ ಹೆಸರು ತಪ್ಪೀತು ಎಂಬ ಅಂಜಿಕೆ. ಗೋಡೆ ಹಸಿ, ಮೇಲ್ಮುದ್ದೆ ನೀರು ಕುಡಿದು ಭಾರವಾಗಿದೆ, ಕೆಳಗೆ ಮಕ್ಕಳು ಮಲಗಿದ್ದಾರೆ. ಮಣ್ಣಿನ ಗೋಡೆ ನೀರು ನಿಂತಾಗ ಬೀಳುವುದಕ್ಕಿಂತ ಇಳಿದ ಮೇಲೆ ಬೀಳುವುದು ಮೋಸದ್ದು. ಹೊರಗಡೆ ಒಣಗಿದಂತೆ ಕಾಣುತ್ತದೆ, ಬುಡ ಒಳಗೇ ಮೆತ್ತಗಾಗಿರುತ್ತದೆ. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆ ಕುಸಿದು ಏಳು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಪರಿಹಾರದ ಪಟ್ಟಿ ಮನೆಯವರು ಎದುರಿಗೆ ಇಲ್ಲದಿದ್ದರೂ ತಯಾರಾಗುತ್ತದೆ ಎಂದು ತಲಾಟಿಯೇ ಬಂದು ಓಣಿಯಲ್ಲಿ ಹೇಳಿದರೆ, ಎಷ್ಟೋ ತಂದೆತಾಯಿ ಆ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸುವುದಿಲ್ಲ. ಬಿದ್ದ ಮನೆಯ ಮುಂದೆ ಉತಾರ, ಆಧಾರ್ ಹಿಡಿದು ನಿಂತ ಒಂದು ಫೋಟೊ ಮೊಬೈಲಿನಲ್ಲಿದ್ದರೆ ಅದೂ ಒಂದು ಆಧಾರ. ಅದನ್ನೂ ಯಾರಾದರೂ ಹೇಳಿಕೊಡಬೇಕು.

ಈ ವರ್ಷ ಹಿಡಕಲ್ ತುಂಬುವ ಮೊದಲೇ ಹೊಳೆದಂಡೆಯ ಮನೆಗಳಲ್ಲಿ ಗಂಡಹೆಂಡತಿ ಒಂದು ಸಂಜೆ ಕೂತು ಮಾತಾಡಬೇಕು ಎಂದು ನನ್ನ ಕೋರಿಕೆ. ಅವ್ವನನ್ನು ಯಾರು ಎತ್ತಿಕೊಳ್ಳುವುದು, ಕಾಗದಪತ್ರದ ಚೀಲ ಯಾವ ಗೂಟಕ್ಕೆ ತೂಗುವುದು, ನೀರು ಯಾವ ಕಲ್ಲು ಮುಟ್ಟಿದರೆ ಹೊರಡುವುದು. ಆ ಕಲ್ಲನ್ನು ಇಬ್ಬರೂ ಹಗಲಲ್ಲಿ ಹೋಗಿ ನೋಡಿ ಬರಬೇಕು. ಕಲ್ಲು ಮುಟ್ಟಿತೆಂದರೆ ವಾದವಿಲ್ಲ. ನಡುರಾತ್ರಿ ಗಂಡ ‘ಇನ್ನೊಂದು ತಾಸು ನೋಡೋಣು’ ಎಂದಾಗ ಹೆಂಡತಿಗೆ ತೋರಿಸಲು ಆ ಕಲ್ಲು ಇರುತ್ತದೆ. ಮನೆಗಳಲ್ಲಿ ಅಷ್ಟು ಹೊತ್ತಿಗೆ ಅವಳ ಮಾತು ನಡೆಯುವುದು ಕಷ್ಟ. ಇಬ್ಬರೂ ಕೂಡಿ ಆರಿಸಿದ ಕಲ್ಲಿನ ಮಾತು ನಡೆಯಬಹುದು.

ಎಲ್ಲವೂ ಕೈಮೀರಿ, ದನಗಳನ್ನು ಒಯ್ಯಲು ಆಗಲೇ ಇಲ್ಲ ಎಂದಾದರೆ ಕಣ್ಣಿ ಬಿಚ್ಚಿ ಹೊರಡಬೇಕು. ಬಿಚ್ಚಿದ ಎಮ್ಮೆ ಈಜುತ್ತದೆ, ಎತ್ತರ ಹುಡುಕುತ್ತದೆ. ಕಟ್ಟಿದ ಎಮ್ಮೆ ಗೂಟದಲ್ಲೇ ಮುಳುಗುತ್ತದೆ. ನೆನೆದ ಹಗ್ಗದ ಗಂಟು ಬಿಗಿದುಕೊಂಡು ಕೈಗೆ ಬರುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಹಾಕಬೇಕು, ಗೊಂದಿಯ ಕಂಬಕ್ಕೆ ಒಂದು ಕುಡುಗೋಲು ಸಿಗಿಸಿಟ್ಟಿರಬೇಕು. ಮನೆಯ ಹತ್ತು ವರ್ಷದ ಹುಡುಗಿಗೂ ಆ ಗಂಟು ಕಲಿಸಬಹುದು. ಎಮ್ಮೆಗೆ ಮೇವು ಹಾಕುವವಳು ಅವಳೇ, ಅವಳ ಕೈಯ ವಾಸನೆ ಅದಕ್ಕೆ ಗೊತ್ತು. ಒಂದು ಬಿಸಿಲಿನ ಮಧ್ಯಾಹ್ನ ಅಪ್ಪ ಗೋದಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು, ಹಗ್ಗದ ತುದಿಯನ್ನು ಒಮ್ಮೆ ಎಳೆಸಿ ತೋರಿಸಲಿ.